ಉಗುಳದ ಗುಟುಕು

ಮೂವತ್ತೊಂದು ವರ್ಷ ಚಿಕ್ಕಮಗಳೂರಿನ ಕ್ಯೂರಿಂಗ್ ವರ್ಕ್ಸಿನಲ್ಲಿ
ನನ್ನ ನಾಲಿಗೆಗೆ ಸಂಬಳ.
ಸೊರ್ರೆಂದು ಎಳೆ, ಹೊರಳಿಸು, ಉಗುಳು;
ನುಂಗಿದವನಿಗೆ ಇಲ್ಲಿ ಕೆಲಸವಿಲ್ಲ.

ಡಿಸೆಂಬರಿನಲ್ಲಿ ಬಂದ ಬೆಲ್ಜಿಯಮ್ಮಿನ ಖರೀದಿದಾರ
ನಮ್ಮ ರೊಬಸ್ಟಾಕ್ಕೆ ಮುಖ ಕಿವುಚಿ,
ಪಾಪ ಅನ್ನಿಸಿತೋ ಏನೋ,
ನಮ್ಮೂರ ಚಳಿಗಾಲದ ಬಿಯರು ಎಂದು
ಲೇಬಲ್ಲಿನಲ್ಲಿ ಹಿಮ ಸುರಿವ ಬಾಟಲಿಯೊಂದ ಬಿಟ್ಟುಹೋದ.

ಅದೇ ಪಿಂಗಾಣಿ ಬಟ್ಟಲು. ಅದೇ ಚಮಚ.
ಕಪ್ಪಲ್ಲ; ಬೆಳಕಿಗೆ ಹಿಡಿದರೆ ಹುಣಿಸೆ ಬೀಜದ ಕೆಂಪು.
ಮೊದಲು ಜೋನಿಬೆಲ್ಲ,
ಆಮೇಲೆ ಕಿತ್ತಳೆ ಸಿಪ್ಪೆ, ಎಲ್ಲೋ ಒಂದು ಲವಂಗ,
ಮತ್ತೆ, ಇದೇನಿದು,
ಕೊತ್ತಂಬರಿ ಬೀಜ!
ಅಷ್ಟು ದೂರದ ಚಳಿಗೂ
ಸಾರಿನಪುಡಿ ಡಬ್ಬಿಯ ವಿಳಾಸ ಗೊತ್ತಿತ್ತೆ?

ಉಗುಳುವ ಡಬ್ಬದತ್ತ ಬಾಗಿದ ಕತ್ತು
ಅರ್ಧಕ್ಕೇ ನಿಂತಿತು.
ಗಂಟಲು ದಾಟಿದ ಮೇಲೂ ರುಚಿಗೆ
ಇನ್ನೊಂದು ಮಾತು ಬಾಕಿ ಇರುತ್ತದೆ;
ಇಷ್ಟು ವರ್ಷ ಕೇಳದೆ ಎದ್ದುಹೋಗಿದ್ದೆ.

ಬಟ್ಟಲು ತೊಳೆಯುವ ದೇವೀರಮ್ಮ ಮೂಸಿ,
‘ಕೆಮ್ಮಿನ ಔಷಧಿ’ ಅಂದಳು.
ಒಂದು ಗುಟುಕು ಇಳಿಸಿ,
‘ಕೆಮ್ಮು ಬಂದರೂ ಬರಲಿ ಬಿಡಿ.’

ಅಂಕದ ಹಾಳೆ ಖಾಲಿ.
ಮೇಜಿನ ಮೇಲೆ
ಎಂಟು ಬಟ್ಟಲು ಅರೇಬಿಕಾ ಆರುತ್ತಿತ್ತು.