ಕರಡಿಯ ಅಳತೆ

ಹದಿನೇಳನೇ ಪುಟದಲ್ಲಿ ಕರಡಿ
ಅರಶಿನ ಎಲೆಯ ಗಟ್ಟಿ ಬೇಯಿಸುತ್ತದೆ.
ಅಕ್ಕಿ, ತನ್ನ ಮುಷ್ಟಿಯಲ್ಲಿ ಮೂರು.
ಬೆಲ್ಲ, ನಾಲಿಗೆ ಸಾಕೆನ್ನುವವರೆಗೆ.

ಕರಡಿಯ ಮುಷ್ಟಿ ಎಷ್ಟು ದೊಡ್ಡದೋ
ಬಿಜೈ ಮಾರ್ಕೆಟಿನ ಸೆವ್ರಿನ್ ಬಾಯಿಗೂ ಗೊತ್ತಿಲ್ಲ.
ಎಲೆ ಕಟ್ಟಿಕೊಡುತ್ತಾ ಅಂದಳು:
‘ಇನ್ನೆರಡು ಇರಲಿ ಮಾರಾಯ್ರೆ, ಕರಡಿಗಲ್ವಾ?’

ಒಲೆಯ ಪಕ್ಕ ಪುಸ್ತಕ ಬಿಡಿಸಿಟ್ಟೆ.
ಚಿತ್ರದ ಗಟ್ಟಿಯ ಮೇಲೆ ಈಗಲೂ ಒಂದು ಮಾಸಲು ಕಲೆ,
ಆರು ವರ್ಷದ ನಾನು ನೆಕ್ಕಿದ್ದು.
ಅಣ್ಣ ಜಯಕರನದ್ದು ಗುರಿ ತಪ್ಪಿ
ಕರಡಿಯ ಮೂಗಿನ ಮೇಲಿದೆ.

ಆವಿ ಬಂತು, ಘಮ ಬಂತು,
ಬೆರಳು ಸುಟ್ಟುಕೊಂಡು ಎಲೆ ಬಿಡಿಸಿ ತಿಂದೆ.
ಚೆನ್ನಾಗಿಯೇ ಇತ್ತು. ಆದರೂ ಏನೋ
ಅದಲ್ಲ.

ಅಡುಗೆಮನೆಯ ಬಾಗಿಲು ಓರೆ ಮಾಡಿ
ಅರುವತ್ತೆರಡರ ನಾಲಿಗೆಯನ್ನು
ಹದಿನೇಳನೇ ಪುಟಕ್ಕೆ ಚಾಚಿದೆ.

ಉಪ್ಪು!
ಹಾಕಲು ಮರೆತದ್ದು ಅದೇ.