ಟವೆಲ್ಲಿನ ಕೆಳಗ

ದ್ರಾಕ್ಷಾಯಣಕ್ಕನ ಜಂಪರಿಗೆ
ಎರಡೂ ಎಡಗೈ ತೋಳು ಹಚ್ಚಿಬಿಟ್ಟಿದ್ದೆ.
ನನಗ ನಗು ತಡೀಲಿಲ್ಲ. ಫೋಟೊ ತಗದು
ಕಾಲೇಜಿನಾಗಿದ್ದ ಪ್ರತೀಕ್ಷಾಗ ಕಳಿಸಿದೆ.
ಉತ್ತರ ಬಂತು:
ಒಂದು ತಲೆಬುರುಡೆ.

ಕರೆಂಟಿನ ಕಂಬದ ಮ್ಯಾಲ ಇರತದಲ್ಲ,
ಮುಟ್ಟಿದರ ಸತ್ತಿ ಅನ್ನೂವಂಥಾದ್ದು, ಅದಽ.
ಕೈಯಾಗಿಂದು ಕೆಳಗ ಹಾಕಿ ಫೋನ್ ಹಚ್ಚಿದೆ.
“ಏನಾತವಾ? ಯಾರಿಗೇನಾತು?”
ಆಚೆ ಕಡೆ ಮುಸ್ಕಾನ್ ನಗೂ ಸಪ್ಪಳ.
“ಅವ್ವಾ, ಅದು ನಕ್ಕು ನಕ್ಕು ಸತ್ತೆ ಅಂತ.”

ಅವತ್ತಿನಿಂದ ಪಾಠ ಸುರು ಆತು.
ನಾನು ರೊಟ್ಟಿ ಬಡಿಯೂದು, ಆಕಿ ಹೇಳೂದು.
ಕಣ್ಣೀರು ಸುರಿಸಿ ನಗೂ ಮಾರಿ ಕಳಿಸಬ್ಯಾಡ,
ಅದು ವಯಸ್ಸಾದವರದು.
ಹೆಬ್ಬೆಟ್ಟು ಕಳಿಸಿದರ ಸಿಟ್ಟಿಗೆದ್ದೀ ಅಂತ.
(ಹೆಬ್ಬೆಟ್ಟು ಅಂದರ ಸಾಲಿ ಕಲೀದವರದು
ಅಂತ ನಾ ತಿಳಕೊಂಡಿದ್ದೆ.)
ಸಣ್ಣಗ ನಗೂ ಮಾರಿ ಬಂದರ
ನಗಾಕ ಹತ್ತಿಲ್ಲ, ಹಲ್ಲು ಕಡಿಯಾಕ ಹತ್ಯಾರ.
ಉಗುರಿಗೆ ಬಣ್ಣ ಹಚ್ಚೂ ಕೈ ಬಂದರ
ನಿನ್ನ ಮಾತು ನನ್ನ ಕಾಲಾಗಿನ ಕಸ.
“ಮತ್ತ ಖರೇನ ನಗು ಬಂದರ?”
“ಸಾಯಬೇಕು,” ಅಂದ್ಲು,
ಬಿಸಿ ರೊಟ್ಟಿ ಮುರಕೊಂಡು.

ನಮ್ಮಪ್ಪ ಫಕ್ಕೀರಪ್ಪ
ಹಾವೇರಿ ದನದ ಸಂತ್ಯಾಗ ದಲಾಲಿ.
ಕೊಳ್ಳಾವನ ಕೈ, ಮಾರಾವನ ಕೈ,
ನಡುವ ಒಂದು ಟವೆಲ್ಲು.
ಮ್ಯಾಲ ಬಾಯಿ ಮಳಿ ಬೆಳಿ ಮಾತಾಡತಿತ್ತು,
ಕೆಳಗ ಬೆರಳು ರೊಕ್ಕ ಮಾತಾಡತಿತ್ತು.
ಎರಡು ಬೆರಳು ಹಿಡದರ ಎರಡು ನೂರೊ ಎರಡು ಸಾವಿರೊ
ಎತ್ತಿನ ಮಾರಿ ನೋಡಿ ತಿಳೀಬೇಕು.
“ಛೇ ಛೇ, ಆಗೂದಿಲ್ಲ ಬಿಡ್ರಿ” ಅಂತ
ಧೂಳಾ ಝಾಡಿಸಿ ಅಪ್ಪ ಎದ್ದನಂದರ
ಯವಾರ ಕುದುರೇದ ಅಂತ.
ತಮ್ಮ ಬಸವಣ್ಣೆಪ್ಪಗ ಎಂಟು ವರ್ಷಕ್ಕಽ ಕಲಿಸಿದ.
ನಾನೂ ಕೇಳಿದೆ.
“ಹೆಣಮಕ್ಕಳಿಗ್ಯಾಕದು?”
ಟವೆಲ್ಲು ಹೆಗಲ ಮ್ಯಾಲ ಒಗಕೊಂಡು ಹೋದ.

ಹುಬ್ಬಳ್ಳಿ ದವಾಖಾನ್ಯಾಗ, ಕಡೀ ರಾತ್ರಿ,
ಚಾದರದ ಕೆಳಗ ನನ್ನ ಬೆರಳು ಹಿಡದ.
ಮೊದಲು ಮೂರು. ಬಿಟ್ಟು, ಆಮ್ಯಾಲ ಒಂದು.
ಮಣ್ಣು ಕೊಟ್ಟು ಬಂದ ಮ್ಯಾಲ ತಮ್ಮನ್ನ ಕೇಳಿದೆ.
“ಯಾವ ಎತ್ತಿಗೆ ಅಂತ ಗೊತ್ತಿಲ್ಲದ
ಹ್ಯಾಂಗ ಹೇಳ್ಲಿ ಅಕ್ಕಾ” ಅಂದ.

ಮೊನ್ನೆ ಕರೆಂಟ್ ಬಿಲ್ಲು ತುಂಬಾಕ
ಮಗಳ ಫೋನು ಇಸಕೊಂಡೆ. ಬೆರಳು ಎಲ್ಲೋ ತಾಗಿ
ಮುಸ್ಕಾನಳ ಮಾತೆಲ್ಲಾ ತೆರಕೊಂಡು ನಿಂತವು.
ನಡುನಡುವ ಒಂದೊಂದು ಕತ್ತರಿ.
ಅವ್ವನ ಕಸಬು ನೆನಸತಾಳಲ್ಲ ಅಂತ
ಎದಿ ತುಂಬಿ ಬಂತು.
ಖರೆ, ದಲಾಲಿ ಮಗಳು ನಾನು, ಇನ್ನೊಮ್ಮೆ ನೋಡಿದೆ.
ಕತ್ತರಿ ಬಿದ್ದಲ್ಲಿ ಮಾತು ನಿಂತಿರತಾವ.
ಅತ್ತಾಗಿಂದ ಒಂದು ಪುಸ್ತಕದ ಚಿತ್ರ,
ಆಮ್ಯಾಲ ‘ನಾಳೆ ಕೆಮಿಸ್ಟ್ರಿ ಟೆಸ್ಟ್ ಐತೇನು?’
ವ್ಯಾಳ್ಯಾ: ಒಂಬತ್ತು ಹದಿನೆಂಟು.
ಅದರ ಹಿಂದಿನ ದಿನ ಒಂಬತ್ತು ಇಪ್ಪತ್ತು.
ಗುತ್ತಲ ರೋಡಿನ ಅಂಗಡಿ ಮುಚ್ಚಿ
ನಾ ಮನಿ ಹೊಗೂ ಹೊತ್ತು.

ಕತ್ತರಿ ಅಂದರ ನಾನು.

ಬಿಲ್ಲು ತುಂಬಿ ಫೋನು ಕೊಟ್ಟೆ.
“ಏನರ ನೋಡಿದೇನು?” ಅಂದ್ಲು.
“ನಾನೂರಾ ಹನ್ನೆರಡು ರೂಪಾಯಿ ಬಂದೈತಿ,” ಅಂದೆ.

ಹಂಗ ನೋಡಿದರ ನನ್ನ ಅಂಗಡ್ಯಾಗೂ
ಅಳತಿ ಜಂಪರಿನ ಒಳಮಗ್ಗಲ ಚಾಕಿನ ಗೀಟು ಅದಾವ.
ನಿಂತ ಗೀಟು, ಬಾಕಿ ಇಡಾಕಿ.
ಅಡ್ಡ ಗೀಟು, ಸೊಂಟದ ಸುತ್ತು ಸುಳ್ಳು ಹೇಳಾಕಿ.
ಸಣ್ಣದೊಂದು ಚುಕ್ಕಿ,
ಗಂಡ ಹೊಡೀತಾನ, ತೋಳು ಉದ್ದ ಇಡು.
ಪ್ರತೀಕ್ಷಾ ಒಮ್ಮೆ ಚುಕ್ಕಿ ಕೇಳಿದ್ಲು.
“ಅಳತಿ ಗುರುತು,” ಅಂದೆ.

ಈಗ ರಾತ್ರಿ ಮನಿಗೆ ಬಂದಾಗ
ಗೇಟಿನ ಚಿಲಕ ಎರಡು ಸಲ ಬಡೀತೀನಿ.
ಚಪ್ಪಲಿ ಜೋರಾಗಿ ಬಿಡತೀನಿ.
ಕೆಮ್ಮು ಇಲ್ಲದಿದ್ದರೂ ಕೆಮ್ಮತೀನಿ.
ನಾ ಹೋಗಿ ಮುಸ್ಕಾನಳನ್ನ ಮುಟ್ಟೂತನಕ
ಕಟ್ಟಿ ಮ್ಯಾಲ ನಿಂತಿರತೀನಿ.
ಒಳಗ ಹೆಜ್ಜಿ ಇಟ್ಟರ
ಕೆಮಿಸ್ಟ್ರಿ ಪುಸ್ತಕ ತೆರದಿರತದ,
ಒಮ್ಮೊಮ್ಮೆ ತಲಿಕೆಳಗ.