ಸವಳು

ಮಂಗಳವಾರ ನಸುಕಿನ ಮೂರಕ್ಕೆ
ಎಚ್ಚರಾಗುತ್ತದೆ, ಯಾರೂ ಕರೆಯದೆ.
ಮಸ್ಕಿ ಕಡೆಯ ನಮ್ಮೂರಲ್ಲಿ ಈ ಹೊತ್ತಿಗೆ
ಓಣಿಗೆ ಓಣಿಯೇ ಎದ್ದು
ಕೊಡದ ಕಂಠಕ್ಕೆ ಕೊಡದ ಕಂಠ ತಾಗಿಸಿ ನಿಂತಿರುತ್ತದೆ.
ಎಂಟು ದಿನಕ್ಕೊಮ್ಮೆ ಬರುವ ನೀರು
ಮೊದಲು ಗಾಳಿಯಾಗಿ ಬರುತ್ತದೆ,
ನಳದೊಳಗೆ ಕೆಮ್ಮುತ್ತ,
ಬಹಳ ದೂರ ನಡೆದು ಬಂದ ಮುದುಕನ ಹಾಗೆ.

ಇಲ್ಲಿ, ಶಿವಮೊಗ್ಗದ ಈ ಮಹಡಿ ಮನೆಯಲ್ಲಿ
ನಳಕ್ಕೆ ನಲ್ಲಿ ಎನ್ನುತ್ತಾರೆ. ಅದು ಕೆಮ್ಮುವುದಿಲ್ಲ.
ತಿರುವಿದರೆ ಸಾಕು,
ಮಾತಿಗೆ ಯಾರಾದರೂ ಸಿಗಲೆಂದು ಕಾದವಳಂತೆ ಸುರಿಯುತ್ತದೆ.
ಆದರೂ ತುಂಬುತ್ತೇನೆ:
ಎರಡು ಹಿತ್ತಾಳೆ ಕೊಡ, ಮೂರು ಪ್ಲಾಸ್ಟಿಕ್ಕು,
ಅವ್ವ ಬಸ್ಸಿನ ಮೇಲೆ ಹಾಕಿಸಿ ಕಳಿಸಿದ ನೀಲಿ ಡ್ರಮ್ಮು,
ಕುಕ್ಕರು, ಬೋಗುಣಿ,
ಕೊನೆಗೆ ಲೋಟಗಳನ್ನೂ.
ಖಜಾನೆಯ ಗುಮಾಸ್ತೆ ನಾನು,
ಹಗಲೆಲ್ಲ ಕಂಡವರ ಪಿಂಚಣಿ ಎಣಿಸಿ
ರಾತ್ರಿ ನೀರು ಎಣಿಸುತ್ತೇನೆ.

ಕೆಳಗಿನ ಮನೆಯ ಜಲಜಾಕ್ಷಮ್ಮ
ಒಂದು ದಿನ ಮೆಟ್ಟಿಲೇರಿ ಬಂದು ನೋಡಿದರು.
"ಎಂತಕ್ಕೆ ಮಾರಾಯ್ತಿ ಇಷ್ಟೊಂದು? ಮದುವೆ ಗಿದುವೆ ಇದ್ಯಾ?"
"ಇಲ್ರಿ ಅಕ್ಕಾರ, ಹಂಗ ಸುಮ್ನ."
ನನ್ನ 'ರಿ' ಅವರಿಗೆ ಅತಿ ಮರ್ಯಾದೆ,
ಅವರ 'ಮಾರಾಯ್ತಿ' ನನಗೆ
ಬೈಗುಳವೋ ಅಕ್ಕರೆಯೋ ತಿಳಿಯದು.

ಗಂಗಾ ಸ್ನಾನ ತುಂಗಾ ಪಾನ, ಎನ್ನುತ್ತಾರೆ ಹೆಮ್ಮೆಯಿಂದ.
ಕುಡಿದೆ. ಸಿಹಿಯೇ, ಇಲ್ಲವೆನ್ನುವುದಿಲ್ಲ.
ಆದರೆ ಬೋರಿನ ಸವಳು ಕುಡಿದು ಬಲಿತ ನಾಲಿಗೆ
ಇದನ್ನು ನೀರೆಂದು ಒಪ್ಪುತ್ತಿಲ್ಲ.
ಬೇಳೆ ಎರಡೇ ಸೀಟಿಗೆ ಕರಗುತ್ತದೆ, ಒಂದು ಜಗಳವಿಲ್ಲ.
ಸೋಪು ಸುಮ್ಮಸುಮ್ಮನೆ ನೊರೆಗಟ್ಟುತ್ತದೆ.
ಕನ್ನಡಿಯಲ್ಲಿ ನಕ್ಕರೆ ಹಲ್ಲಿನ ಮೇಲೆ ಕಂದು ಗೆರೆ:
ಊರು ಬರೆದುಕೊಟ್ಟ ವಿಳಾಸ.

ಚಹಾಕ್ಕೆ ಒಂದು ಚಿಟಿಕೆ ಉಪ್ಪು ಹಾಕುತ್ತೇನೆ.
ಯಾರಿಗೂ ಹೇಳಿಲ್ಲ.

ಭಾನುವಾರ ಸೇತುವೆಯ ಮೇಲೆ ನಿಂತು ಲೆಕ್ಕ ಹಾಕಿದ್ದೂ ಉಂಟು.
ಇದೇ ನೀರು ಕೂಡ್ಲಿಯಲ್ಲಿ ಭದ್ರೆಯನ್ನು ಕೂಡಿ,
ಅಣೆಕಟ್ಟೆ ತುಂಬಿ, ಕಾಲುವೆ ಹಿಡಿದು ನಮ್ಮ ಕಡೆಗೇ ಹೊರಡುತ್ತದೆ.
ಮೇಲಿನವರೆಲ್ಲ ಸಹಿ ಹಾಕಿ ಹಾಕಿ
ಕೊನೆಯ ಟೇಬಲ್ಲಿಗೆ ಬರುವಾಗ
ಖಾಲಿ ಕಡತ.

ಎದುರು ಮನೆಯವ ಪೈಪು ಹಿಡಿದು ಅರ್ಧ ತಾಸು
ಸ್ಕೂಟರು ತೊಳೆಯುತ್ತಾನೆ.
ಹನ್ನೊಂದು ಕೊಡ. ಕಿಟಕಿಯಿಂದ ಎಣಿಸಿದ್ದೇನೆ.
ಅವತ್ತೇ ಫೋನಿನಲ್ಲಿ ಅವ್ವ:
"ನೀರು ಹೆಂಗದ ಅಲ್ಲಿ?"
"ಎರಡು ದಿನಕ್ಕೊಮ್ಮೆ ಬಿಡ್ತಾರಬೇ," ಎಂದೆ.
"ಪಾಡದ ಬಿಡು," ಎಂದಳು, ಸಮಾಧಾನದಿಂದ.

ದೀಪಾವಳಿಯ ನೀರು ತುಂಬುವ ಹಬ್ಬದ ದಿನವೇ
ಸರ್ಕಲ್ಲಿನ ಹತ್ತಿರ ದೊಡ್ಡ ಪೈಪು ಒಡೆಯಿತು.
ಹಂಡೆಗೆ ಸುಣ್ಣ ಕೆಮ್ಮಣ್ಣು ಬರೆದು,
ಕೊರಳಿಗೆ ಹಿಂಡಲೆಕಾಯಿ ಬಳ್ಳಿ ಕಟ್ಟಿ ಕೂತ ಬೀದಿಗೆ
ತುಂಬಲು ಹನಿ ನೀರಿಲ್ಲ.
ಒಬ್ಬೊಬ್ಬರೇ ನನ್ನ ಮೆಟ್ಟಿಲ ಕೆಳಗೆ ಬಂದು ನಿಂತರು,
ಬಕೆಟ್ಟನ್ನು ಬೆನ್ನ ಹಿಂದೆ ಹಿಡಿದು.

ಆಗ ನನ್ನ ಬಾಯಲ್ಲಿ ಅವ್ವ ಬಂದಳು:
"ಪಾಳಿ ಹಚ್ರಿ! ಮೊದಲ ಬಾಣಂತಿ ಮನಿಗೆ.
ಹಂಡೆಕ್ಕ ಒಂದ ಚೊಂಬು, ಶಾಸ್ತ್ರಕ್ಕ ಸಾಕು."
ಸ್ಕೂಟರಿನವನೂ ಬಂದಿದ್ದ.
ಕೊಟ್ಟೆ. ಅರ್ಧ ಬಕೆಟ್ಟು ಕಡಿಮೆ.

ಎಲ್ಲ ಮುಗಿದ ಮೇಲೆ ಜಲಜಾಕ್ಷಮ್ಮ ಚಹಾಕ್ಕೆ ಕೂತರು.
ಒಂದು ಗುಟುಕಿಗೆ ಹುಬ್ಬು ಮೇಲೇರಿತು.
"ಎಂತದು ಇದು, ಉಪ್ಪುಪ್ಪು?"
"ನಮ್ಮೂರ ನೀರ್ರಿ."
"ಹೌದಾ, ಅಲ್ಲಿಂದ ಹೊತ್ತು ತಂದಿದ್ದಾ?"
ತಲೆಯಾಡಿಸಿದೆ.
ಡ್ರಮ್ಮಿನ ಕಡೆ ಒಮ್ಮೆ ನೋಡಿ,
ಇನ್ನೇನೂ ಕೇಳದೆ
ಬುಡದ ಚರಟದವರೆಗೂ ಕುಡಿದರು.

ಮರುದಿನ ರಾತ್ರಿ, ಎಷ್ಟು ಹೊತ್ತೋ,
ಬಚ್ಚಲಿನಲ್ಲಿ ನಲ್ಲಿ ಕೆಮ್ಮಿತು.
ಮೊದಲು ಗಾಳಿ. ಆಮೇಲೆ ಕೆಸರು. ಆಮೇಲೆ ಅದು.
ಕೆಳಗಿನಿಂದ ಕೂಗು:
"ನೀರು ಬಂತು, ಏಳು ಮಾರಾಯ್ತಿ!"

ಎಚ್ಚರವೇ ಇದ್ದೆ.
ಇನ್ನೊಮ್ಮೆ ಕರೆಯಲಿ ಎಂದು
ಸುಮ್ಮನೆ ಮಲಗಿದ್ದೆ.